ತಕ್ಕಡಿಗೆ ಹಾಕಿ ಆರಿಸಿದ ಪೀಕೋಟ್

ತೂಕ ನೋಡಿ ಕೋಟು ಕೊಳ್ಳುವುದುಂಟೇ ಎಂದವರೇ ಹೆಚ್ಚು. ಪೀಕೋಟ್ ಎಂದರೆ ನಾವಿಕರ ದಪ್ಪ ಉಣ್ಣೆ ಕೋಟು, ಎದುರಿಗೆ ಎರಡು ಸಾಲು ಗುಂಡಿ. ತೂಕ ನೋಡಿಯೇ ಆರಿಸಿದ ಮೂರು ಪೀಕೋಟುಗಳೂ ಗಾಳಿ ತಡೆದಿವೆ, ಭುಜದಲ್ಲೂ ಸರಿಯಾಗಿ ಕೂತಿವೆ.

ಅಮೆರಿಕ ನೌಕಾಪಡೆಯ ಹಳೇ ಮೆಲ್ಟನ್ (ತಟ್ಟಿ ದಟ್ಟ ಮಾಡಿದ ಉಣ್ಣೆ ಬಟ್ಟೆ) ಕೋಟಿನ ಬಟ್ಟೆ ಗಜ ಉದ್ದಕ್ಕೆ 32 ಔನ್ಸಿನದು, ಚದರ ಮೀಟರಿಗೆ ಸುಮಾರು 650–700 ಗ್ರಾಂ. ಎದೆ 40 ಅಂಗುಲದ ಅಳತೆಯ ಕೋಟು ಹತ್ತಿರ ಹತ್ತಿರ 2 ಕೆ.ಜಿ. ತೂಗಬೇಕು. ಒಂದೂಕಾಲು ಕೆ.ಜಿ.ಗೇ ಮುಳ್ಳು ನಿಂತರೆ ನಾನು ಮುಟ್ಟುವುದಿಲ್ಲ. ತೂಕವಿದ್ದೂ ಬೆರಕೆ ಇರಬಹುದು. ಅದಕ್ಕೆ ಜೇಬಿನೊಳಗಿನ ಹೊಲಿಗೆಯಂಚಿನಿಂದ ಒಂದೆಳೆ ಕಿತ್ತು ಸುಡುವುದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಸೇರಿದ್ದರೆ ತುದಿಯಲ್ಲಿ ಗಟ್ಟಿ ಮಣಿ.

ಈ ಮೂರಕ್ಕೂ ಮುಂಚೆ ಕೊಂಡ ಮೊದಲ ಕೋಟಿಗೆ ದುಡ್ಡು ಹೋದದ್ದು ಅಳತೆಯಲ್ಲಿ. ಒಳಗೆ ಸ್ವೆಟರ್ ಹಾಕಬೇಕಲ್ಲ ಎಂದು ಒಂದು ಅಳತೆ ದೊಡ್ಡದು ತೆಗೆದೆ. ಭುಜದ ಹೊಲಿಗೆ ಎರಡು ಬೆರಳು ಕೆಳಗಿಳಿಯಿತು. ಭುಜ ಬಿಚ್ಚಿ ಕೂರಿಸುವ ಕೂಲಿ ಕೋಟಿನ ಬೆಲೆಯನ್ನೇ ಮುಟ್ಟುತ್ತಿತ್ತು. ಈಗ ಭುಜ ಸರಿಯಿಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಕೋಟನ್ನು ಹಾಸಿ, ಕಂಕುಳಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ: ಎದೆಯಳತೆಗಿಂತ 4–5 ಅಂಗುಲ ಹೆಚ್ಚಿದ್ದರೆ ಸ್ವೆಟರಿಗೂ ಜಾಗವಿದೆ. ತೋಳು ಉದ್ದವಾದರೆ ಚಿಂತೆಯಿಲ್ಲ, 3 ಸೆಂ.ಮೀ.ವರೆಗೆ ಸುಲಭವಾಗಿ ಮೊಟಕಾಗುತ್ತದೆ.

ಸೊಂಟ ಬಿಗಿ ಮಾಡಲು ಗುಂಡಿ ಸರಿಸುವಾಗ ಇನ್ನೊಂದು ಪೆಟ್ಟು. ಹೊರಗಿನ ಒಂದೇ ಸಾಲು ಸರಿಸಿದೆ. ಎರಡು ಸಾಲು ಸಮ ಕಾಣಲಿಲ್ಲ, ಒಳಗುಂಡಿ ಹಳೇ ಜಾಗದಲ್ಲೇ ಉಳಿದು ಒಳಪದರ ಜೋತುಬಿತ್ತು. ಎರಡೂ ಸಾಲನ್ನು, ಒಳಗುಂಡಿಯನ್ನೂ ಲೆಕ್ಕಹಾಕಿ ಸರಿಸಬೇಕು. ಬಟ್ಟೆ ದಪ್ಪವಿರುವುದರಿಂದ ಗುಂಡಿಯಡಿ 5 ಮಿ.ಮೀ. ನೂಲಿನ ಕಾಂಡ ಬಿಡಬೇಕು, ಹಿಂಬದಿಗೆ ಚಿಕ್ಕದೊಂದು ಗುಂಡಿ ಕೊಡಬೇಕು. ಇಲ್ಲವಾದರೆ ಕಾಜಾ ಸುತ್ತ ಸುಕ್ಕು ಏಳುತ್ತದೆ.

ನೀರು ಜಾರಲೆಂದು ಲ್ಯಾನೊಲಿನ್ (ಕುರಿಯುಣ್ಣೆಯ ಜಿಡ್ಡು) ಹಚ್ಚಿ ನೋಡಿದ್ದೂ ಆಯಿತು. ಕೈಯಲ್ಲಿ ಸವರಿದ ಕಡೆಯೆಲ್ಲ ಮಚ್ಚೆ ಕೂತು ಧೂಳು ಹಿಡಿಯಿತು. ಚೆನ್ನಾಗಿ ತಟ್ಟಿದ ಮೆಲ್ಟನ್ ಮೇಲೆ ತುಂತುರು ಹೇಗೂ ಮಣಿಯಾಗಿಯೇ ನಿಲ್ಲುತ್ತದೆ.

ಹಳೇ ಕೋಟಿಗೆ ನುಸಿಯದೇ ಭಯ. ಕಾಲರ್ ಎತ್ತಿ ಅದರಡಿ ನೋಡಿ, ಲೈನಿಂಗ್ ಬಿಚ್ಚಿದ ಕಡೆ ಬೆಳಕಿಗೆ ಹಿಡಿಯಿರಿ. ಸೂಜಿಗಾತ್ರದ ತೂತೂ ಕಾಣುತ್ತದೆ. ತಂದ ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, −18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡುತ್ತೇನೆ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ಉಣ್ಣೆಯ ಮೇಲೆ ನೀರು ಕೂರುತ್ತದೆ.