ರೀಡ್_ಮೆಮ್ ಅನ್ನು ಕರೆಯೋರು ಯಾರು? ನನ್ನ ಟೂಲಿನ ಕಥೆ

ಕಳೆದ ತಿಂಗಳು ನಮ್ಮ ಟೀಮಿಗೆ ಒಂದು ಬಗ್ ಬಂತು. ಟೈಮರ್ ಮುಗಿದಾಗ ಒಂದು ಫಂಕ್ಷನ್ ಎರಡೆರಡು ಸಲ ಓಡುತ್ತಿತ್ತು. ಅದನ್ನು ಯಾರು ಕರೆಯುತ್ತಿದ್ದಾರೆ ಅಂತ ಮೂವರು ಎರಡು ದಿನ ತಲೆ ಕೆಡಿಸಿಕೊಂಡರು. ಒಂದು ಫಂಕ್ಷನ್ ಅನ್ನು ಕೋಡ್‌ನ ಯಾವ ಯಾವ ಜಾಗ ಕರೆಯುತ್ತದೆ ಅಂತ ಹುಡುಕೋಕೆ ನಾನೇ ಬರೆದ ಟೂಲಿಗೆ ಆ ಫಂಕ್ಷನ್ನಿನ ಹೆಸರು ಕೊಟ್ಟೆ. ನಾಲ್ಕು ಜಾಗ ತೋರಿಸಿತು. ಮೂರನೆಯದೇ ಕಳ್ಳ. "ಕ್ಲ್ಯಾಂಗ್‌ಡಿ ಇರೋವಾಗ ಇದೆಲ್ಲಾ ಯಾಕೆ ಗುರು?" (ಕ್ಲ್ಯಾಂಗ್‌ಡಿ ಅಂದರೆ ಸಿ ಕೋಡ್ ಓದಿ ಎಡಿಟರ್‌ಗೆ ಮಾಹಿತಿ ಕೊಡುವ ಪ್ರೋಗ್ರಾಂ) ಅಂತಿದ್ದವರು ಅವತ್ತಿನಿಂದ ಸುಮ್ಮನಾಗಿದ್ದಾರೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಮ್ಮದು ಹಳೇ ಸಿ ಕೋಡ್. ಸುಮಾರು 38 ಲಕ್ಷ ಸಾಲು, 11 ಸಾವಿರ ಚಿಲ್ಲರೆ ಫೈಲು. ಸಿ ಕೋಡ್‌ನಲ್ಲಿ ಬೇಕಾದ್ದನ್ನು ಹುಡುಕಿಕೊಡುವ ಸಿ-ಸ್ಕೋಪ್ ಇಲ್ಲದೆ ನನಗೆ ಕೈಯೇ ಓಡಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಪಿಡಿಪಿ-11 ಎಂಬ ಹಳೇ ಕಂಪ್ಯೂಟರಿನ ಕಾಲದಲ್ಲಿ ಹುಟ್ಟಿದ ಮುದುಕ ಅದು, ಓಪನ್ ಸೋರ್ಸ್ ಆಗಿದ್ದು 2000ದಲ್ಲಿ. ವೇಗದಲ್ಲಿ ಇವತ್ತಿಗೂ ಗಟ್ಟಿ. ಆದರೆ ಫಂಕ್ಷನ್ ಪಾಯಿಂಟರ್ (ಹೆಸರಿನ ಬದಲು ಫಂಕ್ಷನ್ನಿನ ವಿಳಾಸ ಇಟ್ಟುಕೊಂಡು ಅದರ ಮೂಲಕ ಕರೆಯೋದು) ಎದುರಾಯ್ತೋ, ಕಣ್ಣು ಕಾಣಲ್ಲ.

ಆಫೀಸಿನ ಕೋಡ್ ತೋರಿಸುವ ಹಾಗಿಲ್ಲ, ಲಿನಕ್ಸ್ ಕರ್ನಲ್‌ನಲ್ಲೇ ಹೇಳುತ್ತೇನೆ. ಡ್ರೈವರ್ಸ್ ಒಳಗಿನ ಚಾರ್ ಫೋಲ್ಡರಿನಲ್ಲಿ ಮೆಮ್.ಸಿ ತೆಗೆಯಿರಿ. ಅದರಲ್ಲಿರುವ ರೀಡ್_ಮೆಮ್ ಫಂಕ್ಷನ್ ಅನ್ನು ಯಾರು ಕರೆಯುತ್ತಾರೆ ಅಂತ ಸಿ-ಸ್ಕೋಪ್‌ಗೆ ಕೇಳಿ. ಬೇಕಾದ ಉತ್ತರ ಸಿಗಲ್ಲ. ನಿಜವಾಗಿ ಕರೆಯುವ ಫಂಕ್ಷನ್ ವಿಎಫ್‌ಎಸ್_ರೀಡ್, ಅದೂ ಮೆಮ್_ಎಫ್‌ಆಪ್ಸ್ ಎಂಬ ಫಂಕ್ಷನ್ ಪಾಯಿಂಟರ್‌ಗಳ ಟೇಬಲ್ ಮೂಲಕ. ಕ್ಲ್ಯಾಂಗ್‌ಡಿ ಕೂಡ "ಟೇಬಲ್‌ನಲ್ಲಿ ಈ ಹೆಸರಿದೆ" ಅಂತ ತೋರಿಸಿ ಅಲ್ಲೇ ನಿಲ್ಲುತ್ತದೆ. ನನಗೆ ಬೇಕಿದ್ದದ್ದು ಅದರಾಚೆಯ ಒಂದು ಹೆಜ್ಜೆ.

ಮೊದಲು ಕ್ಲ್ಯಾಂಗ್ ಕಂಪೈಲರ್ ಹಿಂದೆಯೇ ಬಿದ್ದೆ. ಬೇರ್ ಎಂಬ ಟೂಲ್ ಹಾಕಿ ಕಂಪೈಲ್ ಕಮ್ಯಾಂಡ್‌ಗಳ ಪಟ್ಟಿ ತೆಗೆದೆ. ಬೇರೆ ಬಗೆಯ ಯಂತ್ರಕ್ಕೆ ಕೋಡ್ ತಯಾರಿಸುವ ನಮ್ಮ ಕ್ರಾಸ್ ಕಂಪೈಲರ್‌ಗೆ ಅದರದ್ದೇ ಚಿತ್ರವಿಚಿತ್ರ ಕೀವರ್ಡ್‌ಗಳಿವೆ. ಹತ್ತರಲ್ಲಿ ನಾಲ್ಕು ಫೈಲು ಎರರ್. ಮೂರು ವೀಕೆಂಡ್ ಹೋಯ್ತು. ಅದರ ಜೊತೆಗೆ ಕರ್ನಲ್ ಮೇಲೆ ಪ್ರಯೋಗಕ್ಕೆ ಅಂತ ಕ್ಲೌಡ್‌ನಲ್ಲಿ ದೊಡ್ಡ ಮೆಷಿನ್ ತೆಗೆದುಕೊಂಡೆ. ದಸರಾ ರಜೆಗೆ ಊರಿಗೆ ಹೋಗುವಾಗ ಆಫ್ ಮಾಡೋದು ಮರೆತೆ. ಬಿಲ್ಲು 9 ಸಾವಿರ, ನನ್ನ ಜೇಬಿನಿಂದ. ಮನೆಯಲ್ಲಿ ಹೇಳಿರಲಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತೆ.

ಆಮೇಲೆ ಪೈಥಾನ್‌ನಲ್ಲಿ ರೆಜೆಕ್ಸ್, ಅಂದರೆ ಅಕ್ಷರಗಳ ನಮೂನೆ ಹಿಡಿದು ಹುಡುಕೋದು. ಅದರ ಬಗ್ಗೆ ಮಾತಾಡದಿರುವುದೇ ಒಳ್ಳೆಯದು.

ಕೊನೆಗೆ ಟ್ರೀ-ಸಿಟ್ಟರ್ ಎಂಬ ಪಾರ್ಸರ್ (ಕೋಡ್‌ನ ರಚನೆ ಬಿಡಿಸಿ ಓದುವ ಟೂಲ್) ಹಿಡಿದೆ. ಬಿಲ್ಡ್ ಆಗದ ಕೋಡನ್ನೂ ಅದು ಓದುತ್ತೆ, ನನಗೆ ಅದೇ ಬೇಕಿತ್ತು. ಆದರೆ ಇಫ್‌ಡೆಫ್ (ಷರತ್ತಿಗೆ ತಕ್ಕಂತೆ ಕೋಡ್ ಸೇರಿಸುವ ಅಥವಾ ಬಿಡುವ ಸಾಲುಗಳು) ನಡುವೆ ಯಾರಾದರೂ ಒಂದೇ ಆವರಣ ಚಿಹ್ನೆಯನ್ನು ಎರಡು ಕಡೆ ತೆರೆದಿದ್ದರೆ ಇಡೀ ಫಂಕ್ಷನ್ ಎರರ್ ನೋಡ್ ಆಗಿ, ಅಂದರೆ ಓದಲಾಗದ ತುಂಡಾಗಿ ಕೂರುತ್ತದೆ. ನಮ್ಮ ಕೋಡ್‌ನಲ್ಲಿ ಇಂಥವಕ್ಕೆ ಬರವಿಲ್ಲ. ಪರಿಹಾರ ಸುಲಭದ್ದೇ: ಪ್ರಾಡಕ್ಟಿನ ಕಾನ್ಫಿಗ್ ಕೊಟ್ಟು ಮೊದಲು ಅನ್‌ಇಫ್‌ಡೆಫ್ ಎಂಬ ಟೂಲ್ ಓಡಿಸಿ ಬೇಡದ ಭಾಗ ತೆಗೆಯೋದು. ತೆಗೆದ ಸಾಲಿನ ಜಾಗದಲ್ಲಿ ಖಾಲಿ ಸಾಲು ಬಿಡುವ ಆಯ್ಕೆ ಅದರಲ್ಲಿದೆ. ನಾನು ಅದನ್ನು ಹಾಕಿರಲಿಲ್ಲ. ಒಂದು ವಾರ ನನ್ನ ಟೂಲ್ ಎಲ್ಲರನ್ನೂ ತಪ್ಪು ಸಾಲಿಗೆ ಕರೆದುಕೊಂಡು ಹೋಯ್ತು. ನಂಬಿಕೆ ಹೋಗಿದ್ದು ಅಲ್ಲೇ.

ಇನ್ನೊಂದು ಕಾಟ ಮ್ಯಾಕ್ರೋಗಳದ್ದು, ಅಂದರೆ ಕಂಪೈಲ್ ಆಗುವ ಮೊದಲು ಬೇರೆ ಪಠ್ಯವಾಗಿ ಬದಲಾಗುವ ಹೆಸರುಗಳದ್ದು. ಮೆಮ್_ಎಫ್‌ಆಪ್ಸ್‌ನಲ್ಲೇ ನೋಡಿ, ಟೈಪಿಗೂ ಹೆಸರಿಗೂ ನಡುವೆ ಮೇಬಿ-ಅನ್‌ಯೂಸ್ಡ್ ಅಂತ ಒಂದು ಮ್ಯಾಕ್ರೋ ತೂರಿಕೊಂಡಿದೆ. ಪಾರ್ಸರ್ ಅಲ್ಲಿ ಮುಗ್ಗರಿಸುತ್ತದೆ. ಇಂಥ ಹೆಸರುಗಳ ಪಟ್ಟಿ ಮಾಡಿ, ಪಾರ್ಸ್ ಮಾಡುವ ಮೊದಲು ಅಷ್ಟೇ ಉದ್ದದ ಸ್ಪೇಸ್‌ನಿಂದ ಒರೆಸಿದೆ. ಪಟ್ಟಿ ಈಗ 200 ದಾಟಿದೆ.

ಈಗ ಮುಖ್ಯ ಕೆಲಸ. ಡೇಟಾಬೇಸಿನಲ್ಲಿ ಎರಡು ಟೇಬಲ್ ಮಾಡಿದೆ. ಒಂದರಲ್ಲಿ ಯಾವ ಸ್ಟ್ರಕ್ಟಿನ (ಹಲವು ಮೌಲ್ಯಗಳನ್ನು ಒಟ್ಟಿಗೆ ಇಡುವ ಟೈಪ್) ಯಾವ ಫೀಲ್ಡಿಗೆ ಯಾವ ಫಂಕ್ಷನ್ ಕೂತಿದೆ. ಇನ್ನೊಂದರಲ್ಲಿ ಯಾವ ಸಾಲಿನಲ್ಲಿ ಯಾವ ಫೀಲ್ಡ್ ಮೂಲಕ ಕರೆ ಹೋಗುತ್ತಿದೆ. ಎರಡನ್ನೂ ಜಾಯಿನ್ ಮಾಡಿದರೆ ಕರೆಯುವವರು ಸಿಗುತ್ತಾರೆ. ಕೇಳೋಕೆ ಚೆಂದ. ಆದರೆ 'ಇನಿಟ್', 'ರೀಡ್' ಎಂಬ ಹೆಸರಿನ ಫೀಲ್ಡ್ ಎಷ್ಟಿಲ್ಲ ಹೇಳಿ? ಮೊದಲ ಸಲ ಒಂದೇ ಫಂಕ್ಷನ್‌ಗೆ 900 ಉತ್ತರ ಬಂತು. ಕರೆಯ ಸಾಲಿನ ವೇರಿಯಬಲ್‌ಗೆ ಟೈಪ್ ಹುಡುಕಿ, ಸಿಗದಿದ್ದರೆ ಆರ್ಗ್ಯುಮೆಂಟ್‌ಗಳ ಸಂಖ್ಯೆ ಹೊಂದಿಸಿ ಜರಡಿ ಹಿಡಿದೆ. 30ಕ್ಕೆ ಇಳಿಯಿತು. ಅಲ್ಲಿಂದ ನಾಲ್ಕೈದಕ್ಕೆ ಇಳಿಸಿದ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ.

ಫೀಲ್ಡಿನ ಹೆಸರೇ ಬರೆಯದೆ ಕಾಮಾ ಹಾಕಿ ಸಾಲಾಗಿ ತುಂಬಿದ ಹಳೇ ಕಾಲದ ಟೇಬಲ್‌ಗಳೂ ಇವೆಯಲ್ಲ, ಅಲ್ಲಿ ಎಷ್ಟನೆಯ ಜಾಗ ಅಂತ ಎಣಿಸಿ ಸ್ಟ್ರಕ್ಟಿನ ಜೊತೆ ತಾಳೆ ನೋಡಬೇಕು. ಅದನ್ನು ಬರೆಯೋಕೆ ಎರಡು ವಾರ ಬೇಕಾಯ್ತು. ನಮ್ಮ ಕೋಡ್‌ನ ಅರ್ಧ ಗುಟ್ಟು ಅಲ್ಲೇ ಇತ್ತು.

ಎಲ್ಲ ತುಂಬಿದ್ದು ಪುಟ್ಟ ಡೇಟಾಬೇಸ್ ಆದ ಎಸ್‌ಕ್ಯೂಲೈಟ್‌ಗೆ. ಮೊದಲ ಇಂಡೆಕ್ಸಿಂಗ್ ರಾತ್ರಿ ಶುರುವಾಗಿದ್ದು ಬೆಳಿಗ್ಗೆ ಕಾಫಿ ಹೊತ್ತಿಗೂ ಮುಗಿದಿರಲಿಲ್ಲ. ಪ್ರತಿ ಇನ್ಸರ್ಟ್‌ಗೂ ಒಂದೊಂದು ಕಮಿಟ್ (ಡಿಸ್ಕಿಗೆ ಬರೆದು ಖಾಯಂ ಮಾಡೋದು) ಆಗುತ್ತಿತ್ತು, ನಾಚಿಕೆಗೇಡು. ಟ್ರಾನ್ಸಾಕ್ಷನ್‌ನಲ್ಲಿ ಕಟ್ಟಿ, ಇಂಡೆಕ್ಸ್‌ಗಳನ್ನು ತುಂಬಿದ ಮೇಲೆ ಮಾಡಿದೆ. ಈಗ ಆರೇಳು ನಿಮಿಷ. ಡೇಟಾಬೇಸ್ 1.4 ಜಿಬಿ ಹತ್ತಿರ, ಕೋಡ್‌ಗಿಂತ ದೊಡ್ಡದು. ಮೂಗಿಗಿಂತ ಮೂಗುತಿ ಭಾರ, ಇರಲಿ.

ಫೈಲು ಬದಲಾದ ತಕ್ಷಣ ಅಪ್‌ಡೇಟ್ ಆಗಲಿ ಅಂತ ಐನೋಟಿಫೈ (ಫೈಲು ಬದಲಾದರೆ ತಿಳಿಸುವ ಲಿನಕ್ಸ್ ಸೌಲಭ್ಯ) ಹಾಕಿದಾಗ ಇನ್ನೊಂದು ಮಂಗನಾಟ ಆಯ್ತು. ರಾತ್ರಿ ಒಂದು ಗಂಟೆಗೆ "ಡಿಸ್ಕಿನಲ್ಲಿ ಜಾಗ ಇಲ್ಲ" ಅಂತ ಎರರ್. ಡಿಸ್ಕ್ ನಿಜಕ್ಕೂ ತುಂಬುತ್ತಾ ಬಂದಿತ್ತು, ಹಾಗಾಗಿ ನಂಬಿದೆ. ಶನಿವಾರ ಎಸ್‌ಪಿ ರೋಡಿಗೆ ಹೋಗಿ 4 ಸಾವಿರ ಕೊಟ್ಟು ಎಸ್‌ಎಸ್‌ಡಿ ತಂದೆ. ಹಾಕಿದೆ. ಅದೇ ಎರರ್! ಹಳೇ ಕರ್ನಲ್‌ನಲ್ಲಿ ಒಬ್ಬ ಯೂಸರ್‌ಗೆ 8192 ವಾಚ್ (ಕಣ್ಗಾವಲು) ಅಷ್ಟೇ. ಅದು ಮುಗಿದರೂ ಇದೇ ಸಂದೇಶ ಬರುತ್ತದೆ. ನಾನು ಫೋಲ್ಡರ್ ಬದಲು ಒಂದೊಂದು ಫೈಲಿಗೂ ವಾಚ್ ಇಟ್ಟಿದ್ದೆ. ಫೋಲ್ಡರ್‌ಗೆ ಬದಲಿಸಿದೆ, ಸಾವಿರವೂ ಬೇಕಾಗಲಿಲ್ಲ. ಎಸ್‌ಎಸ್‌ಡಿಯಲ್ಲಿ ಈಗ ಮಗಳ ಫೋಟೋ ಇವೆ.

ನಡುವೆ ಸುಮ್ನೆ ಕಾಮೆಂಟ್‌ಗಳನ್ನೂ ಬೇರೆ ಟೇಬಲ್‌ಗೆ ತುಂಬಿದೆ. ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಹುಡುಕಿದೆ. 17 ಸಿಕ್ಕವು. ಒಂದು ಕಡೆ "ಇದನ್ನ ಮುಟ್ಬೇಡ ಮಗಾ, ಓಡ್ತಿದೆ" ಅಂತ ಇತ್ತು. ಬರೆದವರು ಕೆಲಸ ಬಿಟ್ಟು ಹತ್ತು ವರ್ಷ ಆಗಿದೆ. ನಾವು ಮುಟ್ಟಿಲ್ಲ.

ಹುಡುಗರೆಲ್ಲ ವಿಎಸ್ ಕೋಡ್‌ನವರು, ವಿಮ್ ಎಡಿಟರ್ ಅಂದರೆ ಓಡುತ್ತಾರೆ. ಅವರಿಗೋಸ್ಕರ ಎಲ್‌ಎಸ್‌ಪಿ (ಎಡಿಟರ್ ಜೊತೆ ಮಾತಾಡುವ ಪ್ರೋಟೋಕಾಲ್) ಮುಖ ಹಚ್ಚಿದೆ, ಎಡಿಟರಿನ ಕಾಲ್ ಹೈರಾರ್ಕಿ ಪಟ್ಟಿಯಲ್ಲೇ ಉತ್ತರ ಬರುತ್ತೆ. ಬಳಸುವವರು ಜಾಸ್ತಿಯಾಗಿದ್ದು ಆಮೇಲೆಯೇ. ರ‍್ಯಾಮ್ ಸೇರಿಸಿ ನನಗೆ ಒಟ್ಟು 17 ಸಾವಿರ ಚಿಲ್ಲರೆ ಬಿತ್ತು. ಆಫೀಸಿನವರು ಮೊದಲು ವಿಚಾರಿಸಿದ್ದ ಒಂದು ಟೂಲಿಗೆ ಒಂದು ಸೀಟಿಗೇ ವರ್ಷಕ್ಕೆ ಅದಕ್ಕಿಂತ ಜಾಸ್ತಿ ಕೇಳಿದ್ದರು. ಮ್ಯಾನೇಜರ್ ಹತ್ತಿರ ದುಡ್ಡಿನ ಮಾತು ತೆಗೆದೆ. "ಅಪ್ರೈಸಲ್‌ನಲ್ಲಿ ನೋಡೋಣ ಬಿಡಿ" ಅಂದರು.

ಇನ್ನೂ ತಪ್ಪಿಸಿಕೊಳ್ಳುತ್ತಿರುವವು ಎರಡು ಜಾಗ. ಅಲ್ಲಿ ಫಂಕ್ಷನ್ ಹೆಸರನ್ನು ಸ್ಟ್ರಿಂಗ್ ಆಗಿ ಜೋಡಿಸಿ ಡಿಎಲ್‌ಸಿಮ್‌ನಿಂದ (ಪ್ರೋಗ್ರಾಂ ಓಡುವಾಗ ಹೆಸರಿನಿಂದ ಫಂಕ್ಷನ್ ಹುಡುಕುವ ಸೌಲಭ್ಯ) ಹುಡುಕಿ ಕರೆಯುತ್ತಾರೆ. ಅವಕ್ಕೆ ಸದ್ಯ ಬರೀ ಪಠ್ಯ ಹುಡುಕುವ ಗ್ರೆಪ್ಪೇ ಗತಿ.