ಹೊಸ ವರ್ಷದ ರಾತ್ರಿ ಬೆಲ್ ಆದರೆ ಬಾಗಿಲು ತೆಗೆಯಿರಿ

ನಾವು ಸ್ಕಾಟ್ಲೆಂಡಿಗೆ ಬಂದ ಮೊದಲ ವರ್ಷ. ಡಿಸೆಂಬರ್ 31, ರಾತ್ರಿ ಹನ್ನೆರಡು ದಾಟಿ ಹತ್ತು ನಿಮಿಷ. ಬೆಲ್ ಆಯಿತು. ಇಷ್ಟು ಹೊತ್ತಿನಲ್ಲಿ ಯಾರಪ್ಪಾ ಅಂತ ಹೆದರಿ ಬಾಗಿಲೇ ತೆಗೆಯಲಿಲ್ಲ. ಬೆಳಿಗ್ಗೆ ನೋಡಿದರೆ ಹೊಸ್ತಿಲ ಹತ್ತಿರ ಕಾಗದದಲ್ಲಿ ಸುತ್ತಿದ ಒಂದು ತುಂಡು ಕಲ್ಲಿದ್ದಲು, ಒಂದು ಪೊಟ್ಟಣ ಶಾರ್ಟ್‌ಬ್ರೆಡ್ ಅನ್ನುವ ಬೆಣ್ಣೆ ಬಿಸ್ಕತ್ತು. ಎದುರುಮನೆ ತಾತ ಇಟ್ಟು ಹೋಗಿದ್ದರು. ನೆನಪಾದರೆ ಇವತ್ತಿಗೂ ಬೇಜಾರಾಗುತ್ತದೆ. ನಿಮಗೆ ಹಾಗಾಗಬಾರದು ಅಂತ ಮೊದಲೇ ಹೇಳುತ್ತಿದ್ದೇನೆ.

ಆ ರಾತ್ರಿಯೇ 'ಹಾಗ್ಮನೇ', ಅಂದರೆ ಸ್ಕಾಟ್ಲೆಂಡಿನವರ ಹೊಸ ವರ್ಷದ ಹಬ್ಬ. ಕ್ರಿಸ್‌ಮಸ್‌ಗೆ ಇಲ್ಲಿ ಸಾರ್ವಜನಿಕ ರಜೆ ಸಿಕ್ಕಿದ್ದೇ 1958ರಲ್ಲಿ. ಅಲ್ಲಿಯವರೆಗೂ ದೊಡ್ಡ ಹಬ್ಬ ಇದೇ. ಮಧ್ಯರಾತ್ರಿ ಕಳೆದ ಮೇಲೆ ಮೊದಲು ಹೊಸ್ತಿಲು ದಾಟಿ ಬರುವವರು 'ಫಸ್ಟ್ ಫುಟ್'. ಕಪ್ಪು ಕೂದಲಿನ ಎತ್ತರದ ಗಂಡಸು ಬಂದರೆ ವರ್ಷವಿಡೀ ಒಳ್ಳೆಯದಾಗುತ್ತದೆ ಅಂತ ನಂಬಿಕೆ. ನಮ್ಮಲ್ಲಿ ಕಪ್ಪು ಕೂದಲಿಗೇನು ಕಮ್ಮಿ? ಅಕ್ಕಪಕ್ಕದವರು ಕರೆದರೆ ಖಂಡಿತ ಹೋಗಿ. ಬರಿಗೈಲಿ ಮಾತ್ರ ಬೇಡ. ಕಲ್ಲಿದ್ದಲು, ಶಾರ್ಟ್‌ಬ್ರೆಡ್, ವಿಸ್ಕಿ, ಒಣದ್ರಾಕ್ಷಿ ತುಂಬಿದ ಬ್ಲ್ಯಾಕ್ ಬನ್ ಒಯ್ಯುವುದು ರೂಢಿ. ನಾವು ಮೈಸೂರು ಪಾಕ್ ಡಬ್ಬಿಯನ್ನೂ ಒಯ್ಯುತ್ತೇವೆ. 'ಲ್ಯಾಂಗ್ ಮೇ ಯರ್ ಲಮ್ ರೀಕ್' ಅಂತ ಹಾರೈಸಿ. ನಿಮ್ಮ ಚಿಮಣಿ ಬಹುಕಾಲ ಹೊಗೆಯಾಡಲಿ ಅಂತ ಅರ್ಥ. ಮನೆಯ ಒಲೆ ಆರದಿರಲಿ ಅನ್ನುವುದೇ ಅದು, ಅಲ್ವಾ?

ಜನವರಿ 1, 2 ಎರಡೂ ದಿನ ರಜೆ. ದಿನಾ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಕ್ರಿಸ್‌ಮಸ್‌ಗೆ ಮುಂಚೆಯೇ ತಂದಿಟ್ಟುಕೊಳ್ಳಿ.

ಲಂಡನ್ನಿನ ನೆಂಟರ ಕ್ಯಾಲೆಂಡರ್ ನೋಡಿ ಮಾತ್ರ ಊರಿಗೆ ಟಿಕೆಟ್ ಮಾಡಿಸಬೇಡಿ. ಇಲ್ಲಿ ಶಾಲೆಗಳ ಬೇಸಿಗೆ ರಜೆ ಜೂನ್ ಕೊನೆಯ ಹೊತ್ತಿಗೆ ಶುರುವಾಗಿ ಆಗಸ್ಟ್ ಮಧ್ಯಕ್ಕೆ ಮುಗಿದುಬಿಡುತ್ತದೆ. ಅಕ್ಟೋಬರ್ ರಜೆಗೆ ಹಳಬರು 'ಟ್ಯಾಟಿ ಹಾಲಿಡೇಸ್' ಅನ್ನುತ್ತಾರೆ. ಮಕ್ಕಳು ಹೊಲಕ್ಕೆ ಹೋಗಿ ಆಲೂಗಡ್ಡೆ ಆಯುತ್ತಿದ್ದ ಕಾಲದ ಹೆಸರು ಅದು. ಕೌನ್ಸಿಲಿನಿಂದ (ಅಂದರೆ ಸ್ಥಳೀಯ ಆಡಳಿತ) ಕೌನ್ಸಿಲಿಗೆ ತಾರೀಖು ಬೇರೆ, ನಿಮ್ಮದರ ಪಟ್ಟಿಯನ್ನೇ ನೋಡಿ. ನವೆಂಬರ್ 30 ಸೇಂಟ್ ಆಂಡ್ರೂಸ್ ಡೇ. ಅದು ಬ್ಯಾಂಕ್ ರಜೆ ಹೌದು, ಆದರೆ ಎಲ್ಲ ಆಫೀಸುಗಳೂ ಕೊಡುವುದಿಲ್ಲ.

ಹ್ಯಾಲೋವೀನ್ ದಿನ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗುವುದಕ್ಕೆ 'ಗೈಸಿಂಗ್' ಅಂತ ಹೆಸರು. ಸುಮ್ನೆ ಕೈ ಚಾಚಿದರೆ ಮಿಠಾಯಿ ಸಿಗುವುದಿಲ್ಲ. ಹಾಡೋ ಜೋಕೋ ಪದ್ಯವೋ ಏನಾದರೂ ಹೇಳಬೇಕು. ನಮ್ಮ ಮಗ ಕನ್ನಡ ಶಿಶುಗೀತೆ ಹಾಡಿದ. ಬಾಗಿಲಲ್ಲಿ ನಿಂತವರು ಅರ್ಥ ಕೇಳಿ, ಎರಡನೇ ಸಲ ಹಾಡಿಸಿದರು.

ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ್ದು 1759ರ ಜನವರಿ 25ರಂದು. ಪ್ರತಿ ವರ್ಷ ಆ ರಾತ್ರಿ ಅವರ ಹೆಸರಿನಲ್ಲಿ ಊಟ. ಮುಖ್ಯ ಅಡುಗೆ ಹ್ಯಾಗಿಸ್, ಕುರಿಯ ಹೃದಯ, ಲಿವರ್, ಶ್ವಾಸಕೋಶಗಳನ್ನು ಓಟ್ಸ್ ಜೊತೆ ಬೇಯಿಸಿದ್ದು. ಸಸ್ಯಾಹಾರಿಗಳಿಗೆ ಬೇಳೆಕಾಳು, ತರಕಾರಿಯ ಹ್ಯಾಗಿಸ್ ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತದೆ. ಕಾಳುಮೆಣಸಿನ ಖಾರ ಚೆನ್ನಾಗಿರುತ್ತದೆ, ಧೈರ್ಯವಾಗಿ ತಿನ್ನಿ. ಜನವರಿಯಲ್ಲಿ ಎಷ್ಟೋ ಶಾಲೆಗಳು ಮಕ್ಕಳಿಗೆ ಸ್ಕಾಟ್ಸ್ ಭಾಷೆಯ ಪದ್ಯ ಬಾಯಿಪಾಠಕ್ಕೆ ಕೊಡುತ್ತವೆ. ಉಚ್ಚಾರಣೆ ನಮಗೆ ಗೊತ್ತಾಗುವುದಿಲ್ಲ. ಅಕ್ಕಪಕ್ಕದ ಹಿರಿಯರನ್ನು ಕೇಳಿ. ನಮ್ಮ ಮಗನನ್ನು ಕೂರಿಸಿಕೊಂಡು ಒಂದೊಂದೇ ಸಾಲು ಹೇಳಿಕೊಟ್ಟವರು ಅದೇ ಎದುರುಮನೆ ತಾತ.