ಮೂರನೇ ಡಬ್ಬಿಯಲ್ಲಿ ಸಿಕ್ಕ ಹುಳ

ವಿರಾಜಪೇಟೆ ಕಡೆಯ ಸಣ್ಣ ಲ್ಯಾಬ್‌ನಲ್ಲಿ ಮಲ ಪರೀಕ್ಷೆ ನನ್ನ ಕೆಲಸ. ಮಳೆಗಾಲದಲ್ಲಿ ಡಬ್ಬಿಗಳು ಜಾಸ್ತಿ. ಒಂದು ಆಗಸ್ಟ್‌ನಲ್ಲಿ ಕಾಫಿ ತೋಟದ ಲೈನ್ ಮನೆಯಿಂದ ಒಬ್ಬ ಅಜ್ಜಿ ಬಂದರು. ತಿಂಗಳಿಂದ ಬೇಧಿ, ಹೊಟ್ಟೆನೋವು. ಎರಡು ಸಲ ನೋಡಿದೆ, ಏನೂ ಕಾಣಲಿಲ್ಲ. ಹಾಗೇ ರಿಪೋರ್ಟ್ ಬರೆದುಕೊಟ್ಟೆ.

ಮೂರನೇ ಡಬ್ಬಿ ತಂದಾಗ ಕೇಳಿದೆ, "ಅಜ್ಜಿ, ಬೇರೆ ಏನಾದ್ರೂ ಮಾತ್ರೆ ತಗೊಳ್ತಿದ್ದೀರಾ?"

"ಗಂಟುನೋವಿಗೆ ಮಗಾ, ಆರು ತಿಂಗಳಾಯ್ತು." ಸೆರಗಿನ ಗಂಟು ಬಿಚ್ಚಿ ಸ್ಟ್ರಿಪ್ ತೋರಿಸಿದರು. ಪ್ರೆಡ್ನಿಸೋಲೋನ್, ಅಂದರೆ ಸ್ಟೀರಾಯ್ಡ್. ಚೀಟಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ.

ನನಗೆ ತಕ್ಷಣ ನೆನಪಾಗಿದ್ದು ಸ್ಟ್ರಾಂಜಿಲಾಯ್ಡಿಸ್. ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದರೆ ಚರ್ಮದಿಂದಲೇ ಒಳಗೆ ನುಗ್ಗುವ ಹುಳ. ಒಳಗೇ ಮರಿ ಮಾಡಿ, ಆ ಮರಿಗಳು ಮತ್ತೆ ಅದೇ ಮೈಗೆ ಹೊಕ್ಕು, ಹತ್ತಾರು ವರ್ಷ ಸದ್ದಿಲ್ಲದೆ ಇರುತ್ತದೆ. ಸ್ಟೀರಾಯ್ಡ್‌ನಿಂದ ಮೈಯ ಕಾವಲು ಸಡಿಲವಾದಾಗ ವಿಪರೀತ ಹೆಚ್ಚುತ್ತದೆ. ಶ್ವಾಸಕೋಶಕ್ಕೂ ಹರಡಿ ಜೀವ ತೆಗೆಯಬಹುದು. ಆದರೆ ಮಲದಲ್ಲಿ ಅದರ ಮರಿ ದಿನಾ ಬೀಳುವುದಿಲ್ಲ.

ಡಬ್ಬಿಯನ್ನು ಫ್ರಿಜ್‌ಗೆ ಹಾಕಲಿಲ್ಲ. ಆಲಿಕೆಯ ಬಾಯಿಗೆ ತೆಳು ಬ್ಯಾಂಡೇಜ್ ಬಟ್ಟೆ ಇಟ್ಟು, ಅದರಲ್ಲಿ ಮಲ ಹಾಕಿ, ಬೆಚ್ಚಗಿನ ನೀರು ತಾಗುವಂತೆ ಇಟ್ಟೆ. ಕೆಳಗೆ ರಬ್ಬರ್ ಟ್ಯೂಬ್, ಕ್ಲಿಪ್. ಮರಿಗಳು ಬೆಚ್ಚನೆಯ ನೀರಿಗೆ ಇಳಿಯುತ್ತವೆ. ಕೆಲವು ಗಂಟೆ ಬಿಟ್ಟು ಕೆಳಗಿನ ನೀರು ಬಿಟ್ಟುಕೊಂಡು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರಗಿರ ತಿರುಗಿಸಿ, ತಳದ ಹನಿ ಸ್ಲೈಡ್ ಮೇಲೆ ಇಟ್ಟೆ. ಚಾಟಿ ಬೀಸಿದ ಹಾಗೆ ಹೊರಳುತ್ತಿತ್ತು! ಹಳೆಯ ಮಲದಲ್ಲಿ ಕೊಕ್ಕೆಹುಳದ ಮೊಟ್ಟೆಯೂ ಒಡೆದು ಇಂಥದ್ದೇ ಮರಿ ಬರುತ್ತದೆ. ಅದರ ಬಾಯಿಕೊಳವೆ ಉದ್ದ. ಇದರದ್ದು ಗಿಡ್ಡ. ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡೆ.

ಫೋನ್ ಮಾಡಿ ಡಾಕ್ಟರಿಗೆ ಹೇಳಿದೆ. ಐವರ್‌ಮೆಕ್ಟಿನ್ ಕೊಟ್ಟರು. ಜಂತುಹುಳಕ್ಕೆ ಕೊಡುವ ಒಂದು ಆಲ್ಬೆಂಡಜೋಲ್ ಇದಕ್ಕೆ ಸಾಲದು. ಸ್ಟೀರಾಯ್ಡ್ ನಿಲ್ಲಿಸುವ ವಿಷಯ ಡಾಕ್ಟರೇ ನೋಡಿಕೊಳ್ಳಬೇಕು, ಹಠಾತ್ ನಿಲ್ಲಿಸಿದರೆ ಅದೇ ಅಪಾಯ. ಅಜ್ಜಿ ಹುಷಾರಾದರು.

ಈಗ ಡಬ್ಬಿ ಕೊಡುವಾಗಲೇ ಪಕ್ಕಕ್ಕೆ ಕರೆದು ಕೇಳುತ್ತೇನೆ: ಸ್ಟೀರಾಯ್ಡ್, ಕ್ಯಾನ್ಸರ್ ಔಷಧ, ಕಸಿ ಮಾಡಿದ ಕಿಡ್ನಿ, ಎಚ್‌ಐವಿ. ಎಚ್‌ಐವಿ ಇದ್ದವರ ದೀರ್ಘ ಬೇಧಿಗೆ ಸ್ಲೈಡ್‌ಗೆ ಆಸಿಡ್-ಫಾಸ್ಟ್ ಎಂಬ ಬಣ್ಣವನ್ನೂ ಹಾಕುತ್ತೇನೆ. ಬೇಧಿ ತರುವ ಕ್ರಿಪ್ಟೋಸ್ಪೊರಿಡಿಯಮ್ ಎಂಬ ಸೂಕ್ಷ್ಮ ಪರಾವಲಂಬಿ ಬರೀ 4–6 ಮೈಕ್ರಾನ್. ಬಣ್ಣ ಹಾಕದಿದ್ದರೆ ಯೀಸ್ಟ್ ಎಂದು ದಾಟಿಬಿಡುತ್ತೇವೆ, ಅಲ್ವಾ?